ಗಾಡಿ ಗುರುತಿಸುವ ಅಂಕಲ್

ಆಸ್ಟ್ರೇಲಿಯಾದ ಕ್ರಾನ್‌ಬರ್ನ್‌ನ ನಮ್ಮ ಬೀದಿಯಲ್ಲಿ ಕನ್ನಡದವರು ಯಾರೇ ಹೊಸ ಕಾರು ತಂದರೂ ಚಕ್ರಗಳಡಿ ನಿಂಬೆಹಣ್ಣು ಇಡಲು ಪಕ್ಕದ ಮನೆಯ ಅಂಕಲ್ಲೇ ಬರಬೇಕಿತ್ತು. ಮೈಸೂರಿನ ಕಡೆಯವರು, ನಿವೃತ್ತ ಎಂಜಿನಿಯರ್. ಹಣ್ಣಿಟ್ಟು, ಮಗುವಿನ ಬೆನ್ನು ತಟ್ಟುವಂತೆ ಬಾನೆಟ್ ತಟ್ಟಿ, "ಹೋಗಿ ಬಾರಪ್ಪ" ಎನ್ನುತ್ತಿದ್ದರು. ಆಮೇಲೆಯೇ ಕಾರು ಹೊರಡಬೇಕು.

ಔಟ್‌ಬ್ಯಾಕ್ ಎಂಬ ಒಣ ಒಳನಾಡಿನ ಬಯಲಲ್ಲಿ ಎರಡನೇ ಮಹಾಯುದ್ಧದ ಕಾಲದಿಂದ ಬಿದ್ದಿರುವ ಸೈನ್ಯದ ಗಾಡಿಗಳನ್ನು ಹುಡುಕಿ, ಇಂಥದ್ದೇ ಎಂದು ಗುರುತಿಸುವುದು ಅವರ ಇನ್ನೊಂದು ಹುಚ್ಚು. ನನ್ನ ಕಣ್ಣಿಗೆ ಅದೆಲ್ಲ ಬರೀ ಗುಜರಿ. ಆದರೂ ಒಮ್ಮೆ ಜೊತೆಗೆ ಹೋದೆ. ಕೆಂಪು ಮಣ್ಣಲ್ಲಿ ಅರ್ಧ ಹೂತಿದ್ದ ತುಕ್ಕಿನ ಪೆಟ್ಟಿಗೆ ಕಂಡಿದ್ದೇ, "ಟ್ಯಾಂಕ್, ಅಂಕಲ್!" ಎಂದು ಕೂಗಿದೆ.

ಅವರು ಮಂಡಿಯೂರಿ, ಅದರ ಅಂಚಿನುದ್ದಕ್ಕೂ ನಿಧಾನವಾಗಿ ಬೆರಳಾಡಿಸಿದರು.

"ಟ್ಯಾಂಕ್ ಅಲ್ಲಮ್ಮ, ಸೈನಿಕರನ್ನ ಕರ್ಕೊಂಡು ಹೋಗೋ ಕ್ಯಾರಿಯರ್. ಬ್ರಿಟನ್ನಿಂದ ಬಂದಿದ್ದಕ್ಕೆ ರಿವೆಟ್ ಹೊಡೆದಿರೋರು. ಇದಕ್ಕೆ ರಿವೆಟ್ ಇಲ್ಲ, ವೆಲ್ಡಿಂಗ್ ಇದೆ ನೋಡು. ಅಂದ್ರೆ ಇಲ್ಲೇ, ಆಸ್ಟ್ರೇಲಿಯಾದಲ್ಲೇ ಮಾಡಿದ್ದು." ಒಳಗೆ ಇಣುಕಿ ದನಿ ತಗ್ಗಿಸಿದರು. "ಮೇಲೆ ಮುಚ್ಚಳಾನೇ ಇಲ್ಲ. ಕೂತೋರ ತಲೆ ಮೇಲೆ ಬರೀ ಆಕಾಶ."

ಹೊರಡುವ ಮುನ್ನ ಅವರು ಕಾರಿನತ್ತ ಹೋದರು. ಪಾನಕಕ್ಕೆಂದು ಆಂಟಿ ಕಟ್ಟಿಕೊಟ್ಟಿದ್ದ ನಿಂಬೆಹಣ್ಣುಗಳಲ್ಲಿ ಒಂದನ್ನು ತಂದು, ಆ ಗಾಡಿಗೆ ಉಳಿದಿದ್ದ ಒಂದೇ ಚಕ್ರದ ಮುಂದೆ ಇಟ್ಟರು.

"ಅಂಕಲ್, ಇದಿನ್ನು ಎಲ್ಲಿಗೂ ಹೋಗಲ್ವಲ್ಲ?"

"ಗೊತ್ತು ಕಣಮ್ಮ. ಹೊರಟ ದಿನ ಯಾರೂ ಇಟ್ಟಿರಲ್ಲ."

ತುಕ್ಕು ಹಿಡಿದ ತಗಡನ್ನು ಮೆಲ್ಲಗೆ ತಟ್ಟಿದರು. "ಹೋಗಿ ಬಾ" ಎನ್ನಲಿಲ್ಲ.