ಪೆನ್ಸಿಲ್ ಗುರುತಿನ ಜಾಗದಲ್ಲಿ ಒಂದು ರುಜು

ಅಮ್ಮ ಇದ್ದಿದ್ದರೆ ತಂಗಿಯ ಬಾಣಂತನಕ್ಕೆ ಇಂಗ್ಲೆಂಡಿಗೆ ಅವಳೇ ಹೋಗುತ್ತಿದ್ದಳು. ಅಮ್ಮ ತೀರಿಹೋಗಿ ಆರು ವರ್ಷವಾಗಿತ್ತು. ಹಾಗಾಗಿ ಆ ಕೆಲಸ ಅಕ್ಕನಾದ ನನ್ನ ಪಾಲಿಗೆ ಬಂತು. ಬಂದದ್ದಕ್ಕೆ ಒಳಗೊಳಗೇ ಸಂತೋಷಪಟ್ಟೆ. ನನಗೆ ಮಕ್ಕಳಿರಲಿಲ್ಲ. ಚಾಮರಾಜಪೇಟೆಯ ಮನೆಯಲ್ಲಿ ಯಜಮಾನರು, ಅತ್ತೆ, ನಾನು, ಮೂರೇ ಜನ. ಹಳೆಯ ವಾಯಿಲ್ ಸೀರೆಗಳನ್ನು ಬಿಸಿನೀರಿನಲ್ಲಿ ಒಗೆದು, ಮಗುವಿಗೆ ಸುತ್ತುವ ಅಳತೆಗೆ ಹರಿದು ಮಡಚಿಟ್ಟಿದ್ದೆ. ವೀಸಾ ಒಂದು ಬಾಕಿ.

ತೊಂಬತ್ತರ ದಶಕದ ನಡುವಿನ ಮಾತು. ಹೋಗಿಬರುವಷ್ಟು ಹಣವಿದೆ ಎಂದು ತೋರಿಸಬೇಕಿತ್ತು, ಹೋದವಳು ವಾಪಸು ಬಂದೇ ಬರುತ್ತಾಳೆ ಎಂದೂ ತೋರಿಸಬೇಕಿತ್ತು. ಊಟದ ಮೇಜಿನ ಮೇಲೆ ಮನೆಯ ಕಾಗದಗಳನ್ನೆಲ್ಲ ಹರಡಿಕೊಂಡು ಕೂತೆ. ಬ್ಯಾಂಕಿನ ಪಾಸ್‌ಬುಕ್ಕು ಯಜಮಾನರದು. ಕಂದಾಯದ ರಸೀದಿ ಅತ್ತೆಯ ಹೆಸರಿನಲ್ಲಿ. ಗ್ಯಾಸಿನ ಪುಸ್ತಕ, ಕರೆಂಟಿನ ಬಿಲ್ಲು ಯಾವುದರಲ್ಲೂ ನಾನಿಲ್ಲ. ಹೊಸ ಪಾಸ್‌ಪೋರ್ಟು ಬಿಟ್ಟರೆ, ಹುಡುಕಿ ಹುಡುಕಿ ನನ್ನ ಹೆಸರು ಸಿಕ್ಕಿದ್ದು ಸರ್ಕ್ಯುಲೇಟಿಂಗ್ ಲೈಬ್ರರಿಯ ಕಾರ್ಡಿನ ಮೇಲೆ. ಅದರ ಒಂದು ಮೂಲೆಗೆ ಒಗ್ಗರಣೆಯ ಎಣ್ಣೆ ತಾಗಿತ್ತು.

“ಏನೇ ಅದು, ಹೋದೋಳು ವಾಪಸ್ ಬರ್ತೀನಿ ಅಂತ ಬರ್ಕೊಡ್ಬೇಕಾ?” ಎಂದರು ಅತ್ತೆ, ಹುರುಳಿಕಾಯಿಯ ನಾರು ತೆಗೆಯುತ್ತಾ.

“ಹೂಂ. ಅಲ್ಲೇ ಉಳ್ಕೊಂಡ್ಬಿಡ್ತಾರೆ ಅಂತ ಅವರಿಗೆ ಭಯ.”

“ನೀನಾ? ಮಲ್ಲೇಶ್ವರಕ್ಕೆ ಹೋದ್ರೇ ಹಾಲಿನೋನು ಬರೋ ಹೊತ್ತಿಗೆ ಓಡಿ ಬರ್ತೀಯ! ಅವರನ್ನ ಇಲ್ಲಿಗೆ ಕಳ್ಸು, ನಾನು ಹೇಳ್ತೀನಿ.”

ಗಂಡನ ಕಡೆಯಿಂದ ಒಂದು ಪತ್ರ ಬೇಕೆಂದು ಟಿಕೆಟು ಮಾಡಿಸಿಕೊಡುವ ಏಜೆಂಟರು ಹೇಳಿದ್ದರು. ಯಜಮಾನರಿಗೆ ಹೇಳಿದೆ.

“ನೀನೇ ಬರ್ದಿಡು. ಕಾನ್ವೆಂಟ್ ಇಂಗ್ಲಿಷು ನಿಂದು. ಎಲ್ಲಿ ಸೈನು ಅಂತ ಗುರ್ತು ಹಾಕಿದ್ರೆ ಸಾಕು.”

ಅವರು ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟು. ರುಜು ಬೇಕಾದ ಕಡೆಯೆಲ್ಲ ಗುಮಾಸ್ತರು ಪೆನ್ಸಿಲಿನಲ್ಲಿ ಸಣ್ಣ ಇಂಟು ಮಾರ್ಕು ಹಾಕಿಟ್ಟರೆ, ಇವರು ಹಾಳೆ ತಿರುವುತ್ತಾ ರುಜು ಎಳೆಯುತ್ತಾ ಹೋಗುತ್ತಿದ್ದರು. ಮನೆಯಲ್ಲೂ ಅದೇ ಪದ್ಧತಿ.

ಹೀಗೆ ನನ್ನ ಬಗ್ಗೆ ನನ್ನ ಗಂಡ ಬರೆಯಬೇಕಾದ ಪತ್ರವನ್ನು ನಾನೇ ಬರೆದೆ. ಅವರೇ ಹೇಳುವಂತೆ, ನನ್ನ ತಾಯಿಗೆ ವಯಸ್ಸಾಗಿದೆ, ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವವಳು ಇವಳೇ, ಮನೆ ನಡೆಯುವುದು ಇವಳಿಂದಲೇ ಎಂದೆಲ್ಲ ಬರೆದು ಓದಿಕೊಂಡರೆ, ಕೆಲಸದವಳಿಗೆ ಕೊಟ್ಟ ಒಳ್ಳೆಯ ನಡತೆಯ ಸರ್ಟಿಫಿಕೇಟಿನಂತಿತ್ತು. ಆಮೇಲೆ ಇನ್ನೊಂದು ಸಾಲು ಸೇರಿಸಿದೆ. ಸಂಜೆ ಇವಳ ಮಾತಿಲ್ಲದಿದ್ದರೆ ನನಗೆ ಮನೆ ಮನೆಯೆನಿಸುವುದಿಲ್ಲ, ಮೂರು ತಿಂಗಳಿಗಿಂತ ಹೆಚ್ಚು ಬಿಟ್ಟಿರಲಾರೆ. ಇಂಗ್ಲಿಷಾದ್ದರಿಂದ ಬರೆದೆ. ಕನ್ನಡದಲ್ಲಾಗಿದ್ದರೆ ಕೈ ಓಡುತ್ತಿರಲಿಲ್ಲ.

ಸಂಜೆ ಕಾಫಿಯ ಜೊತೆ ಪತ್ರವನ್ನೂ ಇಟ್ಟೆ. ಆ ಸಾಲಿನ ಹತ್ತಿರ ಅವರ ಕಣ್ಣು ನಿಲ್ಲುತ್ತದೇನೋ ಎಂದು ಲೋಟಕ್ಕೆ ಕಾಯುವವಳಂತೆ ನಿಂತೇ ಇದ್ದೆ. ಅವರು ಓದುತ್ತಿದ್ದ ಪೇಪರನ್ನು ಎಡಗೈಯಲ್ಲೇ ಹಿಡಿದುಕೊಂಡು, ಪೆನ್ಸಿಲ್ ಗುರುತಿನ ಮೇಲೆ ರುಜು ಹಾಕಿ, ಮತ್ತೆ ಪೇಪರಿಗೆ ಮರಳಿದರು.

ವೀಸಾ ಸಂದರ್ಶನ ಮದರಾಸಿನಲ್ಲಿ. ಯಜಮಾನರು ರಜೆ ಹಾಕಿ ಜೊತೆಗೆ ಬಂದರು, ಆದರೆ ಒಳಗೆ ಬಿಟ್ಟದ್ದು ನನ್ನೊಬ್ಬಳನ್ನೇ. ಗಾಜಿನ ಆಚೆ ನನ್ನದೇ ವಯಸ್ಸಿನ ಹೆಂಗಸು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಳು. ಮಾತೆಲ್ಲ ಇಂಗ್ಲಿಷಿನಲ್ಲಿ. ಹಣದ ಕಾಗದಗಳನ್ನು ನೋಡಿ, ಸರಿಯಾಗಿವೆ ಎಂದು ಪಕ್ಕಕ್ಕಿಟ್ಟಳು.

“ಮಕ್ಕಳು?”

“ಇಲ್ಲ.”

“ಉದ್ಯೋಗ?”

“ಇಲ್ಲ.”

ಆಮೇಲೆ ಪತ್ರ ತೆಗೆದುಕೊಂಡು ನಿಧಾನವಾಗಿ ಓದಿದಳು. ಆ ಸಾಲನ್ನು ಓದುತ್ತಿದ್ದಾಳೆ ಎಂದು ನನಗೆ ಗೊತ್ತಾಗಿ ನಾಚಿಕೆಯಾಯಿತು. ಅವಳು ನನ್ನ ಅರ್ಜಿಯನ್ನು ಎಳೆದು ಪತ್ರದ ಪಕ್ಕದಲ್ಲಿಟ್ಟಳು. ನಾಲ್ಕು ಗೆರೆಯ ಪುಸ್ತಕದಲ್ಲಿ ಕಾನ್ವೆಂಟಿನ ಸಿಸ್ಟರುಗಳು ತಿದ್ದಿಸಿದ ಅಕ್ಷರ ನನ್ನದು. ಎರಡೂ ಹಾಳೆಯ ಮೇಲೆ ಒಂದೇ ವಾಲು, ಬಾಲಕ್ಕೆ ಒಂದೇ ಸುತ್ತು.

“ಈ ಪತ್ರ ಬರೆದವರು ಯಾರು?”

“ನಾನೇ. ರುಜು ಅವರದು.”

“ಆದರೆ ಮಾತುಗಳು ಅವರವು, ಅಲ್ಲವೇ?”

ಹೌದು ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತೋ ಏನೋ. ಅವಳು ಕೇಳಿದ ರೀತಿಯಲ್ಲೂ ಹೌದು ಎನ್ನಲಿ ಎಂಬ ದಯೆಯಿತ್ತು.

“ಅವರು ಓದಿಲ್ಲ” ಎಂದೆ.

ವೀಸಾ ಸಿಗಲಿಲ್ಲ, ಕಾಗದಗಳನ್ನೆಲ್ಲ ಫೈಲಿನಲ್ಲಿ ವಾಪಸು ಕೊಟ್ಟಳು. ವಾಪಸು ಬರುವ ರೈಲಿನಲ್ಲಿ, ಪತ್ರದಿಂದಲೇ ಹೀಗಾಯಿತು ಎಂದೆ. ಯಜಮಾನರು ಫೈಲು ಬಿಚ್ಚಿ ಮೊದಲ ಸಲ ಅದನ್ನು ಓದಿದರು, ಕೊನೆಯ ಸಾಲಿನವರೆಗೆ. ಕಿಟಕಿಯಾಚೆ ಎರಡು ಸಣ್ಣ ಸ್ಟೇಷನ್ನು ಹಾದುಹೋದವು.

“ತಾರೀಖೇ ಹಾಕಿಲ್ವಲ್ಲೇ ನೀನು” ಎಂದರು. ಪತ್ರವನ್ನು ಫೈಲಿಗೆ ಸೇರಿಸದೆ ಮಡಚಿ ಜೇಬಿನಲ್ಲಿಟ್ಟುಕೊಂಡರು. ಮರುದಿನ ಶರಟನ್ನು ಒಗೆಯಲು ಹಾಕುವಾಗ ಜೇಬು ನೋಡಿದೆ. ರೈಲಿನ ಟಿಕೆಟು ಮಾತ್ರ ಇತ್ತು.

ಮೂರು ವಾರಕ್ಕೆ ತಂಗಿಗೆ ಹೆಣ್ಣುಮಗುವಾಯಿತು. ರಸ್ತೆಯ ಕೊನೆಯ ಫೋನ್ ಬೂತಿನಿಂದ ಮಾತಾಡಿದೆ.

“ಅಕ್ಕಾ, ನೀರು ಹಾಕೋಕೇ ಭಯ ಆಗತ್ತೆ ಕಣೇ. ಸೋಪು ಹಚ್ಚಿದ್ರೆ ಜಾರತ್ತೆ.”

“ಅಳ್ಬೇಡ. ಕೇಳು. ಎರಡೂ ಕಾಲು ಚಾಚಿ ನೆಲದ ಮೇಲೆ ಕೂತ್ಕೋ. ಮಗೂನ ಕಾಲಿನ ಮೇಲೆ ಮಲಗಿಸ್ಕೋ, ತಲೆ ನಿನ್ನ ಪಾದದ ಕಡೆ ಇರ್ಲಿ. ಕತ್ತಿನ ಕೆಳಗೆ ಕೈ ಕೊಡು, ಹೀಗೆ…”

ಹೀಗೆ ಎಂದರೆ ಹೇಗೆಂದು ಅವಳಿಗೆ ಕಾಣುವಂತಿರಲಿಲ್ಲ. ಬೂತಿನ ಗಾಜಿನಲ್ಲಿ ನನಗೆ ಕಂಡಿತು. ರಿಸೀವರನ್ನು ಭುಜಕ್ಕೆ ಒತ್ತಿಕೊಂಡು ನಿಂತಿದ್ದೆ, ನನ್ನ ಎಡ ಅಂಗೈ ಬೊಗಸೆಯಂತೆ ಬಾಗಿ, ಏನನ್ನೋ ಜಾರದಂತೆ ಹಿಡಿದಿತ್ತು.