ಎದುರು ಮನೆಯವರ ಹೂವು

ದಟ್ಟಗಳ್ಳಿಯಲ್ಲಿ ನಮ್ಮ ಎದುರು ಮನೆಯಾಕೆ ಬೆಳಗಾಗುತ್ತಲೇ ನಮ್ಮ ಗೇಟು ತೆಗೆದು ದಾಸವಾಳ ಕೀಳುತ್ತಿದ್ದರು. ಕೊಂಬೆಯನ್ನು ಎರಡು ಬೆರಳಲ್ಲಿ ಬಗ್ಗಿಸಿ, ಹೂ ಕಿತ್ತ ಮೇಲೆ ಮೆಲ್ಲಗೆ ಬಿಡುವರು. ನಾನು ಕಣ್ಣಿಗೆ ಬಿದ್ದರೆ, “ದೇವ್ರಿಗೆ ಕಣಮ್ಮ” ಎನ್ನುವರು. ಅಷ್ಟೇ ಮಾತು.

ಅವರ ಮನೆಯಿಂದ ಗಂಟೆಯ ಸದ್ದಾಗಲಿ, ಊದುಬತ್ತಿಯ ವಾಸನೆಯಾಗಲಿ ಬಂದದ್ದೇ ಇಲ್ಲ. ಇತ್ತ ಅಮ್ಮನ ಪೂಜೆಗೆ ಒಂದು ಹೂವೂ ಉಳಿಯುತ್ತಿರಲಿಲ್ಲ. ಎಲ್ಲೋ ಮಾರುತ್ತಾರೆಂಬ ಅನುಮಾನ ನನಗೆ ಬಲವಾಯಿತು. ಗೇಟಿಗೆ ಬೀಗ ಹಾಕುವ ಮೊದಲು ಕೇಳಿಯೇ ಬಿಡೋಣವೆಂದು ಒಂದು ದಿನ ಅವರ ಮನೆಗೆ ಹೋದೆ.

ಒಳಗೆ ದೇವರ ಪಟ ಒಂದೂ ಕಾಣಲಿಲ್ಲ. ದಾಸವಾಳ ಮಾತ್ರ ಗ್ಯಾಸ್ ಸ್ಟೌ ಮೇಲೆ, ನಲ್ಲಿಯ ಮೇಲೆ, ಹೊಲಿಗೆ ಯಂತ್ರದ ಮೇಲೆ, ಗಂಡನ ಹೆಲ್ಮೆಟ್ಟಿನ ಮೇಲೆ ಒಂದೊಂದು ಇತ್ತು.

“ದೇವರೆಲ್ಲಿ?” ಎಂದೆ.

ಪೇಪರು ಓದುತ್ತಿದ್ದ ಗಂಡ ನಕ್ಕರು. “ನಲ್ಲಿಗೂ ಹೂವು, ಹೆಲ್ಮೆಟ್‌ಗೂ ಹೂವು. ನಂಗೊಂದಿಲ್ಲ ಕಣಮ್ಮ!”

“ಸುಮ್ನಿರಿ. ದಿನಾ ನಿಮ್ಮನ್ನ ಮನೆಗೆ ವಾಪಸ್ ಕರ್ಕೊಂಡ್ ಬರೋದು ಆ ಹೆಲ್ಮೆಟ್ಟೇ ಅಲ್ವಾ?” ಎಂದು ಆಕೆ ಗದರಿದರು.

ನನಗೆ ಪೂರ್ತಿ ನಂಬಿಕೆ ಬರಲಿಲ್ಲ. ಬೀಗವನ್ನೇನೋ ಹಾಕಲಿಲ್ಲ. ಆದರೆ ಮರುದಿನದಿಂದ ಅವರಿಗಿಂತ ಮೊದಲೇ ಎದ್ದು ಅಮ್ಮನ ಪಾಲಿನ ಹೂ ಕಿತ್ತಿಡತೊಡಗಿದೆ.