ಗುಲಾಬಿ ಬುಡದಲ್ಲಿ ಬಸಣ್ಣನ ಸ್ನಾನ

ಬೆಳಗ್ಗೆ ಡ್ಯೂಟಿಗೆ ಹೊರಟವನು ವಠಾರದ ಅಂಗಳದಲ್ಲೇ ನಿಂತುಬಿಟ್ಟೆ. ಪಕ್ಕದ ಮನೆಯ ಬಸಣ್ಣ ಚಡ್ಡಿಯಲ್ಲಿ, ಗುಲಾಬಿ ಗಿಡದ ಬುಡಕ್ಕೆ ಕಲ್ಲು ಹಾಕಿಕೊಂಡು ಕೂತಿದ್ದ. ಹೆಂಡತಿ ನೀಲಕ್ಕ ಅವನ ತಲೆಗೆ ಚೊಂಬಿನಲ್ಲಿ ನೀರು ಹುಯ್ಯುತ್ತಿದ್ದಳು.

"ಏನಕ್ಕಾ ಇದು, ಬಚ್ಚಲುಮನೆ ಇಲ್ವಾ?" ಅಂದೆ.

"ಬಚ್ಚಲದಾಗ ಸುರುವಿದ್ರ ಮೋರಿಗೆ ಹೋಗ್ತದ. ಇಲ್ಲಿ ಸುರುವಿದ್ರ ಗಿಡ ಕುಡೀತದ," ಅಂದಳು ನೀಲಕ್ಕ.

ಆ ಬೇಸಿಗೆ ದಾಸರಹಳ್ಳಿಯ ನಮ್ಮ ವಠಾರದ ಬೋರ್‌ವೆಲ್ ಬತ್ತಿತ್ತು. ಟ್ಯಾಂಕರ್ ನೀರನ್ನು ಗಿಡಕ್ಕೆ ಹಾಕಕೂಡದು ಅಂತ ಓನರ್ ಹೇಳಿದ್ದ. ನೀಲಕ್ಕ ಊರಿಂದ ಕಡ್ಡಿ ತಂದು ನೆಟ್ಟು ಬೆಳೆಸಿದ ಗುಲಾಬಿಗಳು ಅವು. ಒಣಗಲು ಬಿಡುವವಳಲ್ಲ ಅವಳು.

ಬಸಣ್ಣ ಕಣ್ಣು ಮುಚ್ಚಿಕೊಂಡೇ ಗೊಣಗಿದ: "ಸೋಪು ಗಿಡಕ್ಕ ಆಗೂದಿಲ್ಲಂತ, ತಮ್ಮಾ. ಮೈಗೆಲ್ಲ ಕಡ್ಲಿಹಿಟ್ಟು ಹಚ್ಚಾಕತ್ತಾಳ. ನಾನೇನು ಮಿರ್ಚಿಭಜಿ ಅದೀನೇನು?"

"ಸುಮ್ನ ಆ ಕಡೆ ಸರೀರಿ. ಬಿಳಿ ಗುಲಾಬಿಗೆ ಇನ್ನಾ ನೀರು ಬಂದಿಲ್ಲ."

ಬಸಣ್ಣ ಕಲ್ಲು ಎತ್ತಿಕೊಂಡು ಮುಂದಿನ ಗಿಡದ ಬುಡಕ್ಕೆ ಹೋಗಿ ಕೂತ.

ಮಳೆ ಬರುವವರೆಗೂ ಒಂದು ಗಿಡವೂ ಒಣಗಲಿಲ್ಲ. ಮೊದಲು ಅರಳಿದ ಹೂವನ್ನು ಬಸಣ್ಣ ಹೆಂಡತಿಯ ಮುಡಿಗೆ ಸಿಕ್ಕಿಸಿದ್ದನ್ನು ನಾನೇ ನೋಡಿದೆ. ನನಗೆ ಹೂವಿನ ಹುಚ್ಚಿಲ್ಲ. ಆದರೂ ಆವತ್ತು ಮದುವೆಯಾಗಬೇಕು ಅನ್ನಿಸಿತು.